ಭಾವನ ಸೊಂಟದ ಅಳತೆ

ಸಂಜೆ ಹೊತ್ತು ಟೈಲರಣ್ಣನ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಹೊಸ ಬಟ್ಟೆ ಹೊಲಿಸುವವರು, ಇನ್ನರ್ಧ ಜನ ಹಳೇ ಬಟ್ಟೆಯ ಮೇಲೆ ದೂರು ಹೇಳುವವರು. ಆವತ್ತು ಮೊದಲು ಬಂದವರು ಹೈಸ್ಕೂಲಿನ ಗಣಿತದ ಮೇಷ್ಟ್ರು. ಪ್ಯಾಂಟನ್ನು ಕೌಂಟರಿನ ಮೇಲೆ ಹಾಕಿ, "ನೋಡಯ್ಯ, ಇಸ್ತ್ರಿಯವನು ಏನೋ ಎಡವಟ್ಟು ಮಾಡಿದಾನೆ. ಸೊಂಟದ ಗುಂಡಿ ಹಾಕೋಕೇ ಆಗ್ತಿಲ್ಲ" ಎಂದರು.

ಟೈಲರಣ್ಣ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ ಗಂಭೀರವಾಗಿ ತಲೆಯಾಡಿಸಿದ. "ಈಗಿನ ಬಟ್ಟೆಗಳೇ ಹಾಗೆ ಸಾರ್. ನೀರು ಕಂಡ್ರೆ ಮುದುಡಿಕೊಳ್ತವೆ. ಸ್ವಲ್ಪ ಬಿಡಿಸಿ ಕೊಡ್ತೀನಿ, ಎರಡು ದಿನ ಬಿಟ್ಟು ಬನ್ನಿ."

ಮೇಷ್ಟ್ರು ಖುಷಿಯಾಗಿ ಹೋದರು. ಹಿಂದೆ ಸ್ಟೂಲಿನ ಮೇಲೆ ಕೂತು ಗುಂಡಿ ತೂತಿಗೆ ಕಾಜ ಹಾಕುತ್ತಿದ್ದ ಟೈಲರಣ್ಣನ ಹೆಂಡತಿ ತಲೆ ಎತ್ತದೆಯೇ ಕೇಳಿದಳು. "ಏನ್ರೀ, ಬಟ್ಟೆ ಸೊಂಟದಲ್ಲಿ ಮಾತ್ರ ಮುದುಡುತ್ತಾ? ಕಾಲಿನ ಉದ್ದ ಇದ್ದ ಹಾಗೇ ಇದೆಯಲ್ಲ?"

"ಮೆಲ್ಲಗೆ ಮಾತಾಡೇ. ಗಿರಾಕಿ ಹೊಟ್ಟೆ ವಿಷಯ ಎತ್ತಿದ್ರೆ ನಮ್ಮ ಹೊಟ್ಟೆಗೆ ತಣ್ಣೀರು ಬಟ್ಟೆನೇ ಗತಿ."

ಇದು ಅವನ ಅಂಗಡಿಯ ಹಳೇ ನೀತಿ. ಅಲ್ಲಿ ಯಾರ ಹೊಟ್ಟೆಯೂ ಬೆಳೆದದ್ದಿಲ್ಲ, ಬಟ್ಟೆ ಮಾತ್ರ ಮುದುಡುತ್ತಿತ್ತು. ಹೊಸ ಪ್ಯಾಂಟು ಹೊಲಿಯುವಾಗಲೇ ಹಿಂಬದಿಯ ಹೊಲಿಗೆಯೊಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿರುತ್ತಿದ್ದ. ಯಾರ ಮುಖವನ್ನೂ ಸಣ್ಣದು ಮಾಡದೆ ಕಳಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ದಾಕ್ಷಿಣ್ಯ ಅವನಿಗೆ ಹುಟ್ಟಿನಿಂದ ಬಂದದ್ದು.

ಈ ದಾಕ್ಷಿಣ್ಯದ ಹೆಚ್ಚಿನ ಪಾಲು ಸಂದದ್ದು ಭಾವನಿಗೆ, ಎಂದರೆ ಅಕ್ಕನ ಗಂಡನಿಗೆ. ಭಾವ ನೀರು ಸರಬರಾಜು ಕಚೇರಿಯಲ್ಲಿ ಹೆಡ್‌ ಕ್ಲರ್ಕ್. ಕೂತರೆ ಏಳದ ಕೆಲಸ, ಫೈಲಿಗೊಂದು ಚಹಾ, ಚಹಾಕ್ಕೊಂದಷ್ಟು ಕರಿದ ತಿಂಡಿ. ಮನೆಯಿಂದ ಕಚೇರಿ ಕೂಗಳತೆ ದೂರ, ಅದಕ್ಕೂ ಸ್ಕೂಟರು. ಅವರ ಪ್ಯಾಂಟು ಗುಂಡಿಗೆಂದೋ ಜಿಪ್ಪಿಗೆಂದೋ ಅಂಗಡಿಗೆ ಬಂದಾಗಲೆಲ್ಲ ಟೈಲರಣ್ಣ ಕೇಳದೆಯೇ ಸೊಂಟವನ್ನು ಒಂದಿಷ್ಟು ಬಿಡಿಸುತ್ತಿದ್ದ. ಒಳಗಿನ ಬಟ್ಟೆ ಮುಗಿದ ಮೇಲೆ, ಕತ್ತರಿಸಿ ಉಳಿದಿದ್ದ ತುಂಡಿನಿಂದ ಪಟ್ಟಿ ಸೇರಿಸಿಯೂ ಕೊಟ್ಟಿದ್ದ. ಭಾವನಿಗೆ ಇದರ ಗಂಧಗಾಳಿಯೂ ಇರಲಿಲ್ಲ.

ಗೊತ್ತಿಲ್ಲದ್ದರಿಂದಲೇ ಅವರ ಜಂಬ ಮುಗಿಲು ಮುಟ್ಟಿತ್ತು. ಅಕ್ಕ ಊಟದ ಹೊತ್ತಿಗೆ, "ಸ್ವಲ್ಪ ಕಡಿಮೆ ತಿನ್ನಿ, ಒಂದಿಷ್ಟು ನಡೀರಿ" ಎಂದರೆ ಸೊಂಟದ ಪಟ್ಟಿಯೊಳಗೆ ಬೆರಳು ತೂರಿಸಿ ತೋರಿಸುತ್ತಿದ್ದರು. "ಬಡ್ತಿ ಸಿಕ್ಕ ವರ್ಷ ಹೊಲಿಸಿದ ಪ್ಯಾಂಟು ಕಣೇ. ಇವತ್ತಿಗೂ ಆರಾಮಾಗಿ ಹಿಡಿಸುತ್ತೆ. ನನ್ನ ಮೈ ಕಟ್ಟೇ ಅಂಥದ್ದು." ಅಕ್ಕನ ಬಾಯಿ ಅಲ್ಲಿಗೆ ಕಟ್ಟಿಹೋಗುತ್ತಿತ್ತು.

ಅಕ್ಕನ ಭಯಕ್ಕೆ ಕಾರಣವಿತ್ತು. ಅವಳಿಗೂ ಟೈಲರಣ್ಣನಿಗೂ ಅಪ್ಪನಾದವರು ಸಕ್ಕರೆ ಕಾಯಿಲೆ, ಬಿಪಿ ಎರಡನ್ನೂ ಮೈಯೊಳಗೆ ಇಟ್ಟುಕೊಂಡು, ಗೊತ್ತೇ ಇಲ್ಲದೆ ಓಡಾಡಿಕೊಂಡಿದ್ದರು. ಗೊತ್ತಾದದ್ದು ಲಕ್ವ ಹೊಡೆದು ಬಿದ್ದ ದಿನ. ಆಮೇಲೆ ಅವರು ಹಾಸಿಗೆಯಿಂದ ಏಳಲಿಲ್ಲ. ಚಮಚದಲ್ಲಿ ಗಂಜಿ ಕುಡಿಸಿದವಳು ಅಕ್ಕ.

ಮೇಷ್ಟ್ರು ಆಚೆ ಹೋಗಿ ಸ್ವಲ್ಪ ಹೊತ್ತಿಗೆ ಅಂಗಡಿ ಮುಂದೆ ಸ್ಕೂಟರು ನಿಂತಿತು. ಭಾವ ನಗುತ್ತಾ ಇಳಿದರು. ಹಿಂದಿನಿಂದ ಇಳಿದ ಅಕ್ಕನ ಮುಖದಲ್ಲಿ ಮಾತ್ರ ನಗು ಇರಲಿಲ್ಲ.

"ನಮ್ಮ ಕಚೇರಿಗೆ ಇವತ್ತು ಡಾಕ್ಟರಮ್ಮ ಬಂದಿದ್ರು ಕಣಯ್ಯ, ಎಲ್ಲರ ಆರೋಗ್ಯ ನೋಡೋಕೆ" ಎಂದರು ಭಾವ. "ರಕ್ತ ತಗೊಂಡು ಅಲ್ಲೇ ಪರೀಕ್ಷೆ ಮಾಡಿದ್ರು, ಸೊಂಟಕ್ಕೆ ಟೇಪು ಸುತ್ತಿದ್ರು. ಏನು ಹೇಳಿದ್ರು ಅಂತ ನಿಮ್ಮಕ್ಕನ್ನೇ ಕೇಳು."

ಅಕ್ಕ ಬೆಂಚಿನ ತುದಿಯಲ್ಲಿ ಕೂತು ಹೇಳಿದಳು. "ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲವಂತೆ, ಹೊಸ್ತಿಲಿಗೆ ಬಂದು ನಿಂತಿದೆಯಂತೆ. ಬಿಪಿಯೂ ಸ್ವಲ್ಪ ಜಾಸ್ತಿ. ಈಗಿನಿಂದಲೇ ದಿನಾ ನಡೆದು, ಸಿಹಿ, ಉಪ್ಪು, ಕರಿದದ್ದು ಕಡಿಮೆ ಮಾಡಿದ್ರೆ ಬಂದ ದಾರೀಲೇ ಅದನ್ನ ವಾಪಸ್ ಕಳಿಸಬಹುದಂತೆ. ಇವರು ನೋಡಿದ್ರೆ ನಗಾಡ್ತಾರೆ."

"ನಗದೇ ಇನ್ನೇನು? ನನ್ನ ಸೊಂಟ ನಲವತ್ತೆರಡು ಇಂಚು ಅಂತಾರೆ. ಅಷ್ಟಿದ್ರೆ ಈ ಪ್ಯಾಂಟು ಹಿಡಿಸುತ್ತಾ? ಟೇಪು ತಪ್ಪಾಗಿದ್ರೆ ರಕ್ತದ ಲೆಕ್ಕಾನೂ ತಪ್ಪೇ." ಭಾವ ಕೈ ಎರಡೂ ಎತ್ತಿ ನಿಂತರು. "ನೀನು ಅಳತೆ ತೆಗಿ. ಹಳೇ ಮೂವತ್ತಾರೇ ಇದ್ರೆ ನಿಮ್ಮಕ್ಕ ಇನ್ನು ಈ ವಿಷಯ ಎತ್ತೋ ಹಾಗಿಲ್ಲ. ಜಾಸ್ತಿ ಇದ್ರೆ ಡಾಕ್ಟರಮ್ಮ ಕುಣಿಸಿದ ಹಾಗೆ ಕುಣೀತೀನಿ. ನಿನ್ನ ಟೇಪಿನ ಮಾತೇ ಕೊನೇ ಮಾತು."

ಟೈಲರಣ್ಣನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ಕೊರಳಲ್ಲಿದ್ದ ಟೇಪನ್ನು ತೆಗೆದು ಭಾವನ ಸೊಂಟಕ್ಕೆ ಸುತ್ತಿದ. ಹೆಬ್ಬೆರಳಿನ ಕೆಳಗೆ ಟೇಪನ್ನು ಒಂದು ಮಡಿಕೆ ಒತ್ತಿಹಿಡಿದರೆ ಸಾಕು, ಯಾವ ಅಂಕಿ ಬೇಕೋ ಅದು ಬರುತ್ತಿತ್ತು. ಭಾವ ನಗುತ್ತಾ ಮನೆಗೆ ಹೋಗುತ್ತಿದ್ದರು, ತಾನು ಮಾಡಿದ ಕೆಲಸವೂ ಮುಚ್ಚಿಹೋಗುತ್ತಿತ್ತು. ಆದರೆ ಎದುರಿಗೆ ಅಕ್ಕ ಕೂತಿದ್ದಳು. ಅಪ್ಪನ ಹಾಸಿಗೆಯ ಪಕ್ಕ ನಿಂತಾಗ ಇದ್ದ ಮುಖವೇ ಈಗಲೂ ಅವಳದ್ದು. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

"ನಲವತ್ತೆರಡು ಭಾವ."

"ನಿನ್ನ ಟೇಪೂ ಕೆಟ್ಟಿದೆ ಬಿಡು."

"ಟೇಪು ಸರಿಯಾಗೇ ಇದೆ. ಕೆಟ್ಟಿದ್ದು ನನ್ನ ಬುದ್ಧಿ."

ಜಿಪ್ಪು ಹಾಕಿಸಲು ನಿನ್ನೆ ಬಂದಿದ್ದ ಭಾವನ ಇನ್ನೊಂದು ಪ್ಯಾಂಟನ್ನು ಗೂಟದಿಂದ ತೆಗೆದು, ಒಳಗಿನದನ್ನು ಹೊರಗೆ ಮಾಡಿ ಕೌಂಟರಿನ ಮೇಲೆ ಹರಡಿದ. ಹಳೇ ಹೊಲಿಗೆ ಬಿಚ್ಚಿದ ಕಡೆಯಲ್ಲೆಲ್ಲ ಸೂಜಿಯ ತೂತುಗಳು ಸಾಲುಸಾಲಾಗಿ ಉಳಿದಿದ್ದವು. ಒಂದು ಸಾಲಿನ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು, ಕೊನೆಗೆ ಸೇರಿಸಿದ ಪಟ್ಟಿ. ಭಾವ ಅದರ ಮೇಲೆ ಬೆರಳಾಡಿಸಿದರು.

"ನನ್ನನ್ನ ಕೇಳದೇ ಮಾಡಿದ್ದಾ?"

"ಹೂಂ. ನಿಮ್ಮ ಮನಸ್ಸಿಗೆ ನೋವಾಗಬಾರದು ಅಂತ."

"ನೋವಾಗಬಾರದು ಅಂತ" ಎಂದರು ಭಾವ. ಅವರ ಕಿವಿ ಕೆಂಪಾಗಿತ್ತು. "ಕಚೇರಿ ತುಂಬಾ ಈ ಸೊಂಟ ತೋರಿಸಿಕೊಂಡು ಮೆರೆದಿದ್ದೀನಲ್ಲಯ್ಯ. ಸ್ವಂತ ಬಾಮೈದನಾಗಿ ನನ್ನ ಕಣ್ಣಿಗೆ ಮಣ್ಣೆರಚಿದ್ದೀಯ. ಇನ್ನು ಮೇಲೆ ನನ್ನ ಬಟ್ಟೆ ಬೇರೆ ಕಡೆ ಹೊಲಿಸ್ತೀನಿ." ಸ್ಕೂಟರು ಹತ್ತಿ ಹೊರಟೇಬಿಟ್ಟರು. ಸಿಟ್ಟಿನಲ್ಲಿ ಹೆಂಡತಿಯನ್ನು ಹತ್ತಿಸಿಕೊಳ್ಳುವುದನ್ನೂ ಮರೆತಿದ್ದರು.

"ನಡೆಯೋದು ನನ್ನಿಂದಲೇ ಶುರುವಾಯ್ತು" ಎಂದು ಅಕ್ಕ ಎದ್ದಳು. ಬಾಗಿಲ ಹತ್ತಿರ ನಿಂತು ತಮ್ಮನ ಭುಜ ಮುಟ್ಟಿದಳು. "ಹೇಳಿದ್ದು ಒಳ್ಳೇದಾಯ್ತು ಕಣೋ. ಇನ್ನೂ ಮೊದಲೇ ಹೇಳಬೇಕಿತ್ತು, ಅಷ್ಟೇ."

ಮರುದಿನದಿಂದ ಭಾವ ಅಂಗಡಿಯ ಕಡೆ ತಲೆ ಹಾಕಲಿಲ್ಲ. ದಿನಾ ಸಂಜೆ ಕೇಳುತ್ತಿದ್ದ ಅವರ ಮಾತು, ತಮಾಷೆ ಇಲ್ಲದೆ ಟೈಲರಣ್ಣನಿಗೆ ಕೆಲಸವೇ ಸಾಗಲಿಲ್ಲ. ಅಕ್ಕ ಫೋನಿನಲ್ಲಿ ಹೇಳಿದ ಸುದ್ದಿ ಇನ್ನೂ ಕೆಟ್ಟದಾಗಿತ್ತು. "ಕುಣೀತೀನಿ ಅಂದವರು ನಡೀತಾನೂ ಇಲ್ಲ. ನಿನ್ನ ಮೇಲಿನ ಕೋಪಕ್ಕೆ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕ್ಕೊಳ್ತಾರೆ. ಸಿಟ್ಟಲ್ಲಿ ಕೊಯ್ದ ಮೂಗು ಮತ್ತೆ ಬರುತ್ತಾ ಅಂದ್ರೆ ಕೇಳಲ್ಲ."

ಹೇಳಿದಂತೆ ಎರಡು ದಿನ ಬಿಟ್ಟು ಮೇಷ್ಟ್ರು ಪ್ಯಾಂಟು ಒಯ್ಯಲು ಬಂದರು. ಟೈಲರಣ್ಣ ಪ್ಯಾಂಟನ್ನು ಅವರ ಮುಂದಿಟ್ಟು ಹೇಳಿದ. "ಸಾರ್, ಬಟ್ಟೆ ಮುದುಡಿರಲಿಲ್ಲ. ಸೊಂಟವೇ ಎರಡು ಇಂಚು ಬೆಳೆದಿದೆ. ಒಂದ್ಸಲ ಡಾಕ್ಟರ ಹತ್ರ ತೋರಿಸಿಕೊಳ್ಳಿ." ಮೇಷ್ಟ್ರು ಲೆಕ್ಕ ತಪ್ಪಿದ ಹುಡುಗನನ್ನು ನೋಡುವಂತೆ ಅವನನ್ನು ನೋಡಿ, ಪ್ಯಾಂಟು ಕಂಕುಳಲ್ಲಿ ಇರುಕಿಕೊಂಡು ಹೊರಟುಬಿಟ್ಟರು.

"ಹೋಯ್ತು, ಇನ್ನೊಬ್ಬ ಗಿರಾಕಿ ಹೋದ" ಎಂದ ಟೈಲರಣ್ಣ.

"ಹೋದ್ರೆ ಹೋಗಲಿ" ಎಂದಳು ಹೆಂಡತಿ, ದಾರವನ್ನು ಹಲ್ಲಿನಿಂದ ಕತ್ತರಿಸುತ್ತಾ. "ಆದ್ರೆ ಒಂದು ಮಾತು. ನಿಜ ಹೇಳಿ ಕೂತುಬಿಟ್ರೆ ಮುಗೀತಾ? ಹೇಳೋದು ಸುಲಭ, ನಡೆಯೋದು ಕಷ್ಟ. ನಿಮ್ಮ ಭಾವನ ಜೊತೆ ನೀವೂ ನಾಲ್ಕು ಹೆಜ್ಜೆ ಹಾಕಿ."

ಬೆಳಗಾಗುತ್ತಲೇ ಟೈಲರಣ್ಣ ಅಕ್ಕನ ಮನೆಯ ಬಾಗಿಲು ತಟ್ಟಿದ. ತೆಗೆದವರು ಭಾವ.

"ಅಳತೆ ತೆಗೆಯೋಕೆ ಬಂದ್ಯಾ?"

"ಇಲ್ಲ ಭಾವ, ನಡೆಯೋಕೆ ಕರಕೊಂಡು ಹೋಗೋಣ ಅಂತ."

"ಸುಳ್ಳು ಹೇಳೋರ ಜೊತೆ ನಾನು ಮಾತಾಡಲ್ಲ."

"ಮಾತು ಬೇಡ. ನಡೆದರೆ ಸಾಕು."

ಅಷ್ಟರಲ್ಲಿ ಅಕ್ಕ ಹಿಂದಿನಿಂದ ಬಂದು ಭಾವನ ಬೂಟನ್ನು ಕಾಲ ಬುಡದಲ್ಲಿ ಇಟ್ಟು, ಏನೂ ಗೊತ್ತಿಲ್ಲದವಳಂತೆ ಒಳಗೆ ಹೋದಳು. ಬೇರೆ ದಾರಿ ಕಾಣದೆ ಭಾವ ಬೂಟು ಮೆಟ್ಟಿದರು.

ಶಾಲೆಯ ಮೈದಾನದಲ್ಲಿ ಆಗಲೇ ಒಂದಿಷ್ಟು ಜನ ಸುತ್ತು ಹಾಕುತ್ತಿದ್ದರು. ಅವರ ನಡುವೆ ಮೇಷ್ಟ್ರೂ ಇದ್ದರು. ಟೈಲರಣ್ಣನನ್ನು ಕಂಡದ್ದೇ ಆಕಾಶ ನೋಡುತ್ತಾ ನಡಿಗೆಯ ವೇಗ ಹೆಚ್ಚಿಸಿದರು. ಟೈಲರಣ್ಣನಿಗೆ ನಗು ತಡೆಯಲಾಗಲಿಲ್ಲ. ಭಾವ ಮಾತ್ರ ಮುಖ ಬಿಗಿದುಕೊಂಡೇ ನಡೆದರು. ಬಾಮೈದ ಒಂದು ಹೆಜ್ಜೆ ಹಿಂದೆ, ಆಮೇಲೆ ಮೂರು ಹೆಜ್ಜೆ ಹಿಂದೆ, ಒಂದು ಸುತ್ತು ಮುಗಿಯುವ ಮೊದಲೇ ಪಕ್ಕೆ ಹಿಡಿದುಕೊಂಡು ಕಲ್ಲುಬೆಂಚಿನ ಮೇಲೆ ಕುಕ್ಕರಿಸಿಬಿಟ್ಟ.

ಭಾವ ತಿರುಗಿ ನೋಡಿದರು. ಮೌನವ್ರತ ಅಲ್ಲಿಗೆ ಮುರಿಯಿತು.

"ಏನಯ್ಯ, ನನಗಿಂತ ಎಷ್ಟು ಚಿಕ್ಕವನು ನೀನು. ಹೀಗಾ ಏದುಸಿರು ಬಿಡೋದು?"

"ದಿನವಿಡೀ ಮಿಷನ್ ಮುಂದೆ ಕೂತಿರ್ತೀನಲ್ಲ ಭಾವ."

ಭಾವ ಸೊಂಟದ ಮೇಲೆ ಕೈಯಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ನ ಪ್ಯಾಂಟು ಹೊಲಿಯೋರು ಯಾರು?"

"ನಾನೇ."

"ಬಿಗಿಯಾದಾಗ ಬಿಡಿಸೋರು?"

"ಅದೂ ನಾನೇ."

"ಹಾಗಾದ್ರೆ ನಿನಗೆ ಹೇಳೋರು ಯಾರು?"

ಟೈಲರಣ್ಣ ಬಗ್ಗಿ ತನ್ನ ಹೊಟ್ಟೆಯನ್ನು ನೋಡಿಕೊಂಡ. ಊರವರ ಸೊಂಟವನ್ನೆಲ್ಲ ಅಳೆದವನು ತನ್ನ ಸೊಂಟಕ್ಕೆ ಟೇಪು ಹಿಡಿದದ್ದೇ ಇಲ್ಲ. ಬಿಗಿ ಎನ್ನಿಸಿದಾಗ ಕಣ್ಣಂದಾಜಿನಲ್ಲಿ ಬಿಡಿಸಿಕೊಂಡು ಸುಮ್ಮನಾಗಿದ್ದ. ಭಾವ ಹೊರಗಿನಿಂದ ಬಂದ ಅಳಿಯ. ಹಾಸಿಗೆ ಹಿಡಿದ ಅಪ್ಪನ ರಕ್ತ ಹರಿಯುತ್ತಿರುವುದು ತನ್ನ ಮೈಯಲ್ಲಿ. ಇಷ್ಟು ದಿನ ಅದು ಅವನಿಗೆ ಹೊಳೆದೇ ಇರಲಿಲ್ಲ.

ಅವನ ಮುಖ ನೋಡಿ ಭಾವನ ಕೋಪ ಇಳಿಯಿತು. ಅಭ್ಯಾಸಬಲದಿಂದ ಅವನ ಕೊರಳಲ್ಲೇ ನೇತಾಡುತ್ತಿದ್ದ ಟೇಪನ್ನು ಎಳೆದುಕೊಂಡು, "ಏಳು, ನಿಂತ್ಕೊ" ಎಂದರು. ಟೈಲರಣ್ಣ ಎದ್ದು, ಹೊಟ್ಟೆಯನ್ನು ಬೆನ್ನಿಗೆ ಅಂಟುವಷ್ಟು ಒಳಗೆಳೆದು ನಿಂತ.

"ಉಸಿರು ಬಿಡಯ್ಯ. ನನಗೂ ಅಷ್ಟು ಗೊತ್ತಾಗುತ್ತೆ."

ಉಸಿರು ಬಿಟ್ಟ. ಭಾವ ಅಂಕಿಯನ್ನು ನೋಡಿದರು, ಇನ್ನೊಮ್ಮೆ ನೋಡಿದರು. ಹೇಳಲು ಹೋಗಿ ತಡೆದರು. "ಅಯ್ಯೋ, ಒಂದೆರಡು ಇಂಚು ಕಡಿಮೆ ಹೇಳಿಬಿಡೋಣ ಅನ್ನಿಸ್ತಿದೆ ಕಣಯ್ಯ. ಮುಖ ಇಷ್ಟು ಸಪ್ಪಗೆ ಮಾಡ್ಕೊಂಡಿದ್ದೀಯ. ನಿನ್ನ ಕಷ್ಟ ಈಗ ಅರ್ಥವಾಯ್ತು."

"ಬೇಡ ಭಾವ. ಇದ್ದದ್ದು ಇದ್ದ ಹಾಗೆ ಹೇಳಿ."

"ನಲವತ್ತಮೂರು. ನನ್ನನ್ನೂ ಹಿಂದೆ ಹಾಕಿದ್ದೀಯ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವರು ಭಾವ. ಟೈಲರಣ್ಣನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

"ನಾಳೆ ಡಾಕ್ಟರಮ್ಮನ ಹತ್ರ ನೀನೂ ರಕ್ತ ಕೊಡು, ನಾನೇ ಕರಕೊಂಡು ಹೋಗ್ತೀನಿ. ಸ್ಕೂಟರು ಬೇಡ, ನಡಕೊಂಡೇ ಹೋಗೋಣ" ಎಂದರು ಭಾವ. "ಇನ್ನು ಮೇಲೆ ನಿನ್ನ ಅಳತೆ ನಾನು ತೆಗೀತೀನಿ, ನನ್ನದು ನೀನು. ಎಳೆಯಷ್ಟೂ ದಾಕ್ಷಿಣ್ಯ ಬೇಡ."

"ಆಯ್ತು ಭಾವ."

"ಆಯ್ತು ಅಂದ್ರೆ ಎದ್ದು ಬಾ. ಸುತ್ತು ಅರ್ಧಕ್ಕೇ ನಿಂತಿದೆ."

"ಕಾಲು ನೋಯ್ತಿದೆ."

"ನನಗೂ ನೋಯ್ತಿದೆ. ಮೆಲ್ಲಗೆ ನಡಿ" ಎಂದು ಭಾವ ಅವನ ತೋಳು ಹಿಡಿದುಕೊಂಡರು.