ರೆನ್ನಿ ಸಾಹೇಬ ತೀರಿಕೊಂಡ ಇಸವಿ

ಮಾರೆವ್ವ ಮಗನ ಜೊತೆ ಮಾತು ಕಡಿಮೆ ಮಾಡಿ ಎರಡು ತಿಂಗಳ ಮೇಲಾಗಿತ್ತು. ರೊಟ್ಟಿ ಬಡಿಯುವ ಸಪ್ಪಳ ಎಂದಿನಂತೆ ಕೇಳುತ್ತಿತ್ತು, ತಾಟು ಹೊತ್ತಿಗೆ ಸರಿಯಾಗಿ ಮುಂದೆ ಬರುತ್ತಿತ್ತು. ಆದರೆ ಆಕೆ ತಿಮ್ಮಣ್ಣನ ಮುಖ ನೋಡುತ್ತಿರಲಿಲ್ಲ. ಇವತ್ತು ಕಚೇರಿಯಲ್ಲಿ ಕೂತವನ ಕಿಸೆಯಲ್ಲಿ ಸ್ಕಾಟ್‌ಲೆಂಡಿನಿಂದ ಬಂದ ಕಾಗದವಿತ್ತು. ಬೆಳಿಗ್ಗೆಯೇ ಬಂದಿದ್ದರೂ ಒಡೆಯಲು ಕೈ ಬಂದಿರಲಿಲ್ಲ.

ಅದು ೧೯೩೮. ತಿಮ್ಮಣ್ಣ ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದು ಕೊಪ್ಪಳದ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಹಿಂದಿನ ವರ್ಷ ಸ್ಟೇಷನ್ ಮಾಸ್ತರರು ಅವನನ್ನು ಕರೆಸಿ, ಯಾರಿಗೆ ಸೇರಬೇಕೋ ತಿಳಿಯದ ಒಂದು ಇಂಗ್ಲಿಷ್ ಕಾಗದ ಕೊಟ್ಟಿದ್ದರು. ಆರ್ಬ್ರೋತ್ ಎಂಬ ಊರಿನ ಐಲ್ಸಾ ರೆನ್ನಿ ಎನ್ನುವ ಹೆಣ್ಣುಮಗಳು ತನ್ನ ಮನೆತನದ ವಂಶಾವಳಿ ಹುಡುಕುತ್ತಿದ್ದಳು. ಚರ್ಚಿನ ಪುಸ್ತಕಗಳಲ್ಲಿ ಆರು ತಲೆಮಾರಿನ ಹೆಸರುಗಳು ಸಿಕ್ಕಿದ್ದವು. ಆಕೆಯ ಚಿಕ್ಕಪ್ಪ ಡೇವಿಡ್ ರೆನ್ನಿ ಹುಟ್ಟಿದ ತಾರೀಖೂ ಅಲ್ಲಿತ್ತು. ಸತ್ತ ತಾರೀಖು ಎಲ್ಲಿಯೂ ಇರಲಿಲ್ಲ. ರೈಲಿನ ಹಳಿ ಹಾಕಿಸಲು ಹಿಂದೂಸ್ಥಾನಕ್ಕೆ ಹೋದವನು ಕೊಪ್ಪಳದ ಸೀಮೆಯಲ್ಲಿ ಸುದ್ದಿಯಿಲ್ಲದೆ ಹೋಗಿದ್ದ.

ಆ ಹೆಸರು ತಿಮ್ಮಣ್ಣನಿಗೆ ಹೊಸದಾಗಿರಲಿಲ್ಲ. ರೆನ್ನಿ ಸಾಹೇಬನೆಂದರೆ ಅವನ ಅವ್ವನ ಅಪ್ಪ. ಹಳಿಯ ಕೆಲಸಕ್ಕೆ ಮಣ್ಣು ಹೊರುತ್ತಿದ್ದ ಅಜ್ಜಿ ದುರಗಮ್ಮ ಬಸುರಿಯಾಗಿದ್ದಾಗ, ಗದಗಿಗೆ ಹೋಗಿ ಎರಡು ದಿನಕ್ಕೆ ಬರುತ್ತೇನೆಂದು ಹೋದವನು ಬರಲೇ ಇಲ್ಲ. ದುರಗಮ್ಮ ಮಗಳಿಗೆ ಹೇಳಿದ್ದು ಇಷ್ಟೇ. ಸಾಯುವತನಕ ಮತ್ತೊಂದು ಮಾತು ಸೇರಿಸಲಿಲ್ಲ. ಮಾರೆವ್ವ ಹುಟ್ಟಿದ್ದು ವಿಕ್ಟೋರಿಯಾ ರಾಣಿಯ ಐವತ್ತು ವರ್ಷದ ಹಬ್ಬಕ್ಕೆ ಕೂಲಿಗಳಿಗೆ ಬೆಲ್ಲ ಹಂಚಿದ ವಾರ, ಅಂದರೆ ೧೮೮೭ರ ಜೂನ್.

ತಾನು ಯಾರೆಂದು ತಿಮ್ಮಣ್ಣ ಐಲ್ಸಾಗೆ ಬರೆಯಲಿಲ್ಲ. ಏನೋ ಕೇಳಲು ಬಂದವನೆಂದು ತಿಳಿದಾಳೆಂಬ ಅಳುಕು. ಆದರೆ ಆಕೆಯ ಒಂದೊಂದು ಕಾಗದವನ್ನೂ ಅವ್ವನಿಗೆ ಓದಿ ಹೇಳುತ್ತಿದ್ದ.

"ಅವರ ಮುತ್ತ್ಯಾ ಸಮುದ್ರದಾಗ ಮೀನ ಹಿಡೀತಿದ್ನಂತ ಬೇ."

"ಮೀನ ಹಿಡಿಯಾವ್ರ ಪೈಕಿ ಆಗಿ ನೀ ಮಣಕಾಲುದ್ದ ಹಳ್ಳ ದಾಟಾಕ ಅಂಜತಿ ನೋಡು," ಎಂದು ಮಾರೆವ್ವ ನಗುತ್ತಿದ್ದಳು.

ಆ ನಗು ನಿಂತದ್ದು ಉಮರಸಾಬನ ಪುಸ್ತಕದಿಂದ. ಉಮರಸಾಬ ಕಬರಸ್ತಾನ ನೋಡಿಕೊಳ್ಳುವವನು. ಮಣ್ಣು ಮಾಡಿದವರ ಹೆಸರನ್ನೆಲ್ಲ ಅವನ ಅಜ್ಜ ಉರ್ದುವಿನಲ್ಲಿ ಬರೆದಿಟ್ಟಿದ್ದ. ಗೋಡೆಯಾಚೆ ಹೂತ ಒಬ್ಬ ಸಾಹೇಬನ ಹೆಸರೂ ಅದರಲ್ಲಿತ್ತು: ರೆನ್ನಿ, ಸನ್ ೧೩೦೪. ನಿಜಾಮರ ಸರಕಾರದ ಕಾಗದಗಳೆಲ್ಲ ಕಂದಾಯದ ಲೆಕ್ಕಕ್ಕೆ ಹಿಡಿದ ಫಸಲಿ ಇಸವಿಯವು. ಅದಕ್ಕೆ ಐನೂರ ತೊಂಬತ್ತು ಕೂಡಿಸಿ ಇಂಗ್ಲಿಷ್ ಇಸವಿ ಮಾಡುವುದು ತಿಮ್ಮಣ್ಣನ ನಿತ್ಯದ ಕೆಲಸ. ಐಲ್ಸಾಗಾಗಿ ವಿಚಾರಿಸುತ್ತ ಹೋದ ಕಬರಸ್ತಾನದಲ್ಲೂ ನಿಂತ ಕಾಲಲ್ಲೇ ಕೂಡಿಸಿದ. ೧೮೯೪ ಬಂತು.

ಹಾಗಾದರೆ ಮಗಳು ಹುಟ್ಟಿದ ಮೇಲೆ ಸಾಹೇಬ ಏಳು ವರ್ಷ ಬದುಕಿದ್ದ. ಗದಗಿಗೂ ಹೋಗಿರಲಿಲ್ಲ, ಸಮುದ್ರವನ್ನೂ ದಾಟಿರಲಿಲ್ಲ. ಇದೇ ಊರಲ್ಲಿದ್ದ. ತಿಮ್ಮಣ್ಣ ಇಸವಿಯನ್ನು ಐಲ್ಸಾಗೆ ಬರೆದ; ಮುಚ್ಚಿಡಬೇಕೆಂದುಕೊಂಡರೂ ಆಗದೆ ಅವ್ವನಿಗೂ ಹೇಳಿದ.

"ಟೇಸನ್ನಿಂದ ನಮ್ಮ ಓಣಿ ಎಷ್ಟ ದೂರ ಆಕ್ಕತಿ?" ಎಂದು ಕೇಳಿ ಮಾರೆವ್ವ ಎದ್ದುಹೋಗಿದ್ದಳು. ಅಂದಿನಿಂದ ಹೀಗೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ತಿಮ್ಮಣ್ಣ ಕಾಗದ ಒಡೆದ. '೧೮೯೪ ಇರಲಾರದು. ನಿಮ್ಮ ಪತ್ರ ಬಂದ ಮೇಲೆ ಚಿಕ್ಕಪ್ಪನ ಗೆಳೆಯನ ಮೊಮ್ಮಕ್ಕಳಿಗೆ ಬರೆದೆ. ಅವರ ಪೆಟ್ಟಿಗೆಯಲ್ಲಿ ಸಿಕ್ಕ ಪತ್ರದ ನಕಲು ಕಳಿಸಿದ್ದೇನೆ.' ಆ ಗೆಳೆಯ ಗದಗಿನಿಂದ ತನ್ನ ಅಕ್ಕನಿಗೆ ಬರೆದದ್ದು, ೧೮೮೭ರ ಮೇ ತಿಂಗಳಿನದು: ರೆನ್ನಿ ಇಲ್ಲಿಗೆ ಹೊರಟು ನಿಂತವನು ಕಾಲರಾ ತಗುಲಿ ಕೊಪ್ಪಳದಲ್ಲೇ ತೀರಿಕೊಂಡ. ಯಾರು ಮಣ್ಣು ಮಾಡಿದರೋ ಗೊತ್ತಿಲ್ಲ.

ತಿಮ್ಮಣ್ಣ ಮೂರು ಸಲ ಓದಿದ. ಪುಸ್ತಕ ಸುಳ್ಳೋ, ಪತ್ರ ಸುಳ್ಳೋ? ಟೋಪಿ ಹಾಕಿಕೊಳ್ಳುವುದನ್ನೂ ಮರೆತು ಬಿಸಿಲಲ್ಲಿ ಕಬರಸ್ತಾನಕ್ಕೆ ನಡೆದ.

ಉಮರಸಾಬ ಪುಸ್ತಕ ಬಿಚ್ಚಿ ಸಾಲಿನ ಮೇಲೆ ಬೆರಳಿಟ್ಟ. "ಶಾಬಾನ್, ಸನ್ ತೇರಾಸೌ ಚಾರ್. ಸರಿ ಐತಲ್ರಿ."

"ಅದಕ್ಕ ಐನೂರಾ ತೊಂಬತ್ತ ಕೂಡಿಸಿದ್ರ..."

"ಯಾಕ ಕೂಡಿಸ್ತೀರಿ? ನಿಮ್ಮ ಕಚೇರಿ ತಿಂಗಳದಾಗ ಶಾಬಾನ್ ಐತೇನ್ರಿ? ಇದು ನಮ್ಮ ಹಿಜರಿ." ಉಮರಸಾಬ ಕನ್ನಡಕದ ಮೇಲಿಂದ ನೋಡಿದ. "ಸತ್ತವರು ಕಂದಾಯ ಕಟ್ಟೂದಿಲ್ಲರಿ ಗುಮಾಸ್ತರ. ಅವರಿಗೆ ಫಸಲಿ ಯಾಕ ಬೇಕು?"

ತಿಂಗಳ ಹೆಸರು ಅಂದೂ ಅಲ್ಲೇ ಇತ್ತು. ರೆನ್ನಿ ಎಂಬ ಹೆಸರು ಸಿಕ್ಕ ಗಾಬರಿಯಲ್ಲಿ ಅವನು ನೋಡಿರಲಿಲ್ಲ. ಹಿಜರಿ ೧೩೦೪ರ ಶಾಬಾನ್ ಎಂದರೆ ೧೮೮೭ರ ಮೇ.

ಅವ್ವನ ಮುಂದೆ ಹೇಗೆ ನಿಲ್ಲಲಿ ಎಂಬ ಭಯ ಮನೆಯತನಕ ಅವನನ್ನು ಬಿಡಲಿಲ್ಲ. ಮಾರೆವ್ವ ಜೋಳ ಹಸನು ಮಾಡುತ್ತಿದ್ದಳು. ಅವನು ಹೇಳಿ ಮುಗಿಸುವತನಕ ಆಕೆಯ ಕೈ ನಿಲ್ಲಲಿಲ್ಲ.

"ಎರಡ ತಿಂಗಳಿಂದ ನಾ ಅವನ್ನ ಬೈಯಾಕ ಹತ್ತೀನಿ," ಎಂದಳು. "ಹಗಲೆಲ್ಲ ಬೈದೀನಿ. ನೀ ಸಾಲಿ ಕಲ್ತಾಂವ ಅಂತ ನಂಬಿದ್ನೆಪಾ."

"ತಪ್ಪಾತು ಬೇ."

"ನಡಿ. ನಾನೂ ನೋಡತೀನಿ."

ಕಬರಸ್ತಾನದಲ್ಲಿ ತಿಮ್ಮಣ್ಣ ಪುಸ್ತಕಕ್ಕೆ ಕೈ ಚಾಚಿದಾಗ ಮಾರೆವ್ವ ತಡೆದಳು. "ನೀ ಓದಬ್ಯಾಡ. ಉಮರಣ್ಣ ಓದ್ಲಿ."

ಉಮರಸಾಬ ಸಾಲನ್ನು ಮೊದಲಿನಿಂದ ಓದಿದ. ಹೆಸರು, ತಿಂಗಳು, ಇಸವಿ. ಅಲ್ಲಿಗೆ ನಿಲ್ಲಿಸದೆ ಬೆರಳು ಮುಂದೆ ಸರಿಸಿದ. ಹೆಣಕ್ಕೆ ಹೊದಿಸುವ ಬಟ್ಟೆ ತಂದವರು ಯಾರೆಂದು ಬರೆದುಕೊಳ್ಳುವುದು ಅವನ ಅಜ್ಜನ ಪದ್ಧತಿ.

"ಬಟ್ಟಿ ತಂದಾಕಿ ದುರಗಮ್ಮ. ಲೈನಿನ ಕೂಲಿ."

ತಿಮ್ಮಣ್ಣ ಅವ್ವನ ಕಡೆ ನೋಡಲಾರದೆ ಗೋಡೆ ನೋಡಿದ. ಮಾರೆವ್ವ ಮೆಲ್ಲಗೆ ನೆಲದ ಮೇಲೆ ಕೂತಳು.

"ಇನ್ನೊಮ್ಮೆ ಓದಣ್ಣ."

ಅವನು ಓದಿದ.

"ಹಂಗಾರ ನಮ್ಮವ್ವ ದಿನಾ ಸಂಜಿಗೆ ಗದಗಿನ ಗಾಡಿ ಬರೋ ಹೊತ್ತಿಗೆ ಬಾಗಲದಾಗ ಕುಂದ್ರತಿದ್ಲಲ್ಲ, ಅದು ಯಾರಿಗೆ?"

ಉಮರಸಾಬ ಪುಸ್ತಕ ಮುಚ್ಚಿ ಬಟ್ಟೆಯಲ್ಲಿ ಸುತ್ತಿದ. ತಂದೆಯಿಲ್ಲದ ಕೂಸಿಗೆ ಬರಬಹುದಾದ ತಂದೆಯನ್ನಾದರೂ ಉಳಿಸೋಣವೆಂದು ದುರಗಮ್ಮ ಸುಳ್ಳು ಹೇಳಿದಳೋ, ಇಲ್ಲ ತನಗೇ ಹೇಳಿಕೊಂಡಳೋ? ಹೇಳುವವರು ಯಾರೂ ಉಳಿದಿರಲಿಲ್ಲ.

ಮನೆಯ ದಾರಿಯಲ್ಲಿ ಅರ್ಧ ದೂರ ಬಂದ ಮೇಲೆ ಅವನು ಬಾಯಿ ಬಿಟ್ಟ. "ಆ ಹೆಣ್ಣಮಗಳಿಗೆ ಏನಂತ ಬರೀಲಿ ಬೇ?"

"ಮೊದಲ ನಿನ್ನ ತಪ್ಪು ಬರಿ. ಆಮ್ಯಾಗ, ಅವನ ಮಗಳು ಕೊಪ್ಪಳದಾಗ ಅದಾಳ ಅಂತ ಬರಿ. ನಂಬಿದ್ರ ನಂಬಲಿ."

"ಬಟ್ಟಿ ತಂದದ್ದು?"

ಮಾರೆವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಅದನ್ನ ಬರೀಬ್ಯಾಡ," ಎಂದಳು. "ಆಕಿ ನನಗ ಹೇಳಿಲ್ಲ. ನಾವ್ಯಾಕ ಊರಿಗೆ ಹೇಳೂನು."

ಹೇಳಿ, ಎರಡು ತಿಂಗಳಲ್ಲಿ ಮೊದಲ ಸಲ ಮಗನ ಮುಖ ನೋಡಿದಳು.