ಎದ್ದೇಳದ ಸಾಲು

ಮಂಜುಳಾ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಚೊಂಬು ಉಜ್ಜುತ್ತಿದ್ದಾಗಲೇ ಯಶೋಧರಾ ಸೈಕಲ್ಲು ನಿಲ್ಲಿಸಿ ಕೂಗಿದಳು.

"ಬೆಳಗಿದ್ದು ಸಾಕು ಮಂಜಕ್ಕ, ಚೊಂಬು ಹಿಡ್ಕೊಂಡು ಬಾ. ತಾಲ್ಲೂಕಾಫೀಸ್ ಸಾಹೇಬ್ರು ಈ ದಾರೀಲಿ ಹಾರನಹಳ್ಳಿಗೆ ನಾಳೆ ಅಲ್ವಂತೆ, ಈಗ್ಲೇ ಹೋಗ್ತಾವ್ರಂತೆ."

ಯಶೋಧರಾ ಅರಸೀಕೆರೆಯಲ್ಲಿ ಓದಿ ಬಂದು ಬೀದಿ ನಾಟಕ ಆಡಿಸುವ ಹುಡುಗಿ. ಕಾಲೋನಿಯ ಹೆಂಗಸರಿಗೆ ಕಕ್ಕಸು ಕಟ್ಟಿಸಿಕೊಡಿ ಎಂದು ತೊಂಬತ್ತಾರನೇ ಇಸವಿಯಿಂದ ಅರ್ಜಿ ಕೊಟ್ಟು ಕೊಟ್ಟು ಎಲ್ಲರಿಗೂ ಸಾಕಾಗಿತ್ತು. ಅರ್ಜಿ ಬದಲು ನಾವೇ ಕೂರೋಣ ಎಂದವಳು ಅವಳು. ದಿನಾ ಕತ್ತಲಲ್ಲಿ ರಸ್ತೆ ಬದಿಗೆ ಹೋಗುವ ಹೆಂಗಸರು ಇಂದು ಹಾಡುಹಗಲಲ್ಲಿ ಮೈತುಂಬ ಸೀರೆ ಹೊದ್ದು, ಮುಂದೆ ಚೊಂಬಿಟ್ಟುಕೊಂಡು, ಕುಕ್ಕರಗಾಲಿನಲ್ಲಿ ಸುಮ್ಮನೆ ಕೂರಬೇಕು. ಸಾಹೇಬರ ಜೀಪು ಬಂದಾಗ ಒಬ್ಬಳೂ ಏಳಬಾರದು. ಎದ್ದರೆ ಆಟ ಕೆಟ್ಟಂತೆ.

ಕಷ್ಟವಿದ್ದದ್ದು ಅಲ್ಲೇ. ಗಾಡಿಯ ಬೆಳಕು ಬಿದ್ದರೆ ಸೆರಗು ಮುಖಕ್ಕೆಳೆದು ಎದ್ದು ನಿಲ್ಲುವುದು ಹೆಂಗಸರ ರೂಢಿ. ತಾಲೀಮಿನಲ್ಲಿ ಯಶೋಧರಾ ಸೈಕಲ್ ಬೆಲ್ ಹೊಡೆದರೂ ಮಂಜುಳಾ ಎದ್ದುಬಿಟ್ಟಿದ್ದಳು, ಮೂರು ಸಲವೂ.

"ಬೆಲ್ಲಿಗೇ ಎದ್ದೋಳು ಜೀಪಿಗೆ ಎಲ್ಗಂಟ ಓಡ್ತೀಯೇ?" ಎಂದು ಪಕ್ಕದ ಮನೆಯ ಲಕ್ಕಮ್ಮಜ್ಜಿ ಈಗಲೂ ರೇಗಿಸಿದಳು.

ರಸ್ತೆಯ ಪಕ್ಕ ಹತ್ತೊಂಬತ್ತು ಹೆಂಗಸರು ಸಾಲಾಗಿ ಕೂತರು. ಮಂಜುಳಾಳ ಏಳು ವರ್ಷದ ಮಗಳು ಸುಜಾತ ತಾನೂ ಒತ್ತಿಕೊಂಡು ಕುಕ್ಕರಿಸಿದಳು.

"ಅವ್ವಾ, ಒಂದು ಕೇಳ್ಲಾ?" ತಾಲೀಮಿನ ದಿನದಿಂದ ಇದೇ ರಾಗ.

"ಆಮೇಲೆ ಕಣೇ ಚಿನ್ನ."

ತಿರುವಿನಲ್ಲಿ ಹಾರ್ನ್ ಕೇಳಿತು. ಮಂಜುಳಾಳ ಮಂಡಿಗಳು ತಾವಾಗಿಯೇ ನೆಟ್ಟಗಾಗತೊಡಗಿದವು. ಇನ್ನೇನು ಎದ್ದೇಬಿಡಬೇಕು, ಅಷ್ಟರಲ್ಲಿ ಪಕ್ಕಕ್ಕೆ ನೋಡಿದಳು. ಸುಜಾತಳೂ ಏಳುತ್ತಿದ್ದಳು, ಯಾರೂ ಹೇಳಿಕೊಡದೆ, ಪುಟ್ಟ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು.

ಮಂಜುಳಾ ಮಗಳ ಕೈ ಹಿಡಿದು ಎಳೆದು ಗಟ್ಟಿಯಾಗಿ ಕೂತುಬಿಟ್ಟಳು.

ಜೀಪು ನಿಂತಿತು. ಅದರ ಹಿಂದೆ ಬೆಳಗಿನ ಬಸ್ಸೂ ನಿಂತಿತು. ಕಿಟಕಿಗಳ ತುಂಬ ತಲೆಗಳು.

"ಏನ್ಲಾ ಇದು?"

"ನೋಡ್ಬೇಡ, ಆ ಕಡೆ ತಿರುಗ್ಲಾ."

ಇಳಿದು ಬಂದ ಸಾಹೇಬರಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ತಮ್ಮ ಬೂಟನ್ನೇ ನೋಡುತ್ತ, "ಏಳ್ರಮ್ಮ, ಏನಿದು ಅಸಹ್ಯ," ಎಂದರು.

ಯಾರೂ ಏಳಲಿಲ್ಲ. ಲಕ್ಕಮ್ಮಜ್ಜಿ ಸೆರಗು ಬಾಯಿಗೆ ತುರುಕಿ ನಗು ತಡೆದಳು. ಮಂಜುಳಾಳಿಗೆ ಖುಷಿಯಲ್ಲಿ ಎದೆಯೊಳಗೆ ತಮಟೆ ಬಡಿದಂತಾಗುತ್ತಿತ್ತು. ಮಂಡಿಗಳು ಈಗ ಅವಳ ಮಾತು ಕೇಳುತ್ತಿದ್ದವು.

ಸುಜಾತ ಅವ್ವನ ಕಿವಿಗೆ ಬಾಯಿಟ್ಟಳು. "ಈಗ ಕೇಳ್ಲಾ?"

"ಕೇಳು. ಎಲ್ರಿಗೂ ಕೇಳಂಗೆ ಕೇಳು."

ಮಗು ಕೂತಲ್ಲಿಂದಲೇ ತಲೆಯೆತ್ತಿತು.

"ಸಾರ್, ಗಾಡಿ ಬಂದ್ರೆ ನಿಮ್ಮನೆ ಅಮ್ಮಾವ್ರೂ ಎದ್ದು ನಿಂತ್ಕತಾರಾ?"