ನನ್ನ ಉಡಿಗೆ ಬಿದ್ದ ಖಣ

ನಾನು ಒಂದು ವಿಕಿರಣ ಯಂತ್ರ. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ. ಬಾಳಿದ್ದು ಹುಬ್ಬಳ್ಳಿಯ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಬಂದ ದಿನವೇ ಹಣೆಗೆ ಕುಂಕುಮವಿಟ್ಟು ಕಾಯಿ ಒಡೆದರು. ಅಂದಿನಿಂದ ನನಗೆ ತುಸು ಜಂಬ. ಗಡ್ಡೆ ಎಲ್ಲಿದ್ದರೂ ಸುಡುವವಳು ನಾನೊಬ್ಬಳೇ ಎಂದು ಬೀಗುತ್ತಿದ್ದೆ.

ಆಗ ಬಂದವನು ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯುವ ಈರಬಸಪ್ಪ. ಅಂಗಾಲಿನ ಕಪ್ಪು ಮಚ್ಚೆಯನ್ನು ಮಗ್ಗ ತುಳಿದ ಗಾಯವೆಂದು ಬಿಟ್ಟಿದ್ದ. ಅದು ಚರ್ಮದ ಕ್ಯಾನ್ಸರ್. ಕತ್ತರಿಸಿ ತೆಗೆದರೂ ತೊಡೆಸಂದಿಯಲ್ಲಿ ಗಡ್ಡೆಯಾಗಿ, ಶ್ವಾಸಕೋಶಕ್ಕೂ ಹಬ್ಬಿತ್ತು. ಡಾಕ್ಟರು ಮೇಲಿನ ಮಹಡಿಯಲ್ಲಿ ಮೈಯ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಇಮ್ಯುನೊಥೆರಪಿ ಡ್ರಿಪ್ ಹಾಕಿಸಿ, ಜತೆಗೆ ಗಡ್ಡೆಗೆ ನನ್ನ ಕಿರಣ ಕೊಡಿಸಿದರು.

"ಮಷಿನ್ನು ಗಡ್ಡಿ ಒಡದು ನಿಮ್ಮ ಮೈಯಾಗಿನ ಕಾವಲುಗಾರರಿಗೆ ವೈರಿ ಮುಖ ತೋರಸ್ತದ. ಔಷಧ ಅವರ ಕೈಕಟ್ಟು ಬಿಚ್ಚತದ. ಎಲ್ಲಾರಿಗೂ ಫಲಸೂದಿಲ್ಲ, ನೋಡೂಣು" ಎಂದರು.

ಒಂದು ಪುಟ್ಟ ಔಷಧದ ಬಾಟಲಿಯ ಜತೆ ಕೀರ್ತಿ ಹಂಚಿಕೊಳ್ಳಬೇಕೆ ಎಂದು ನನಗೆ ಹೊಟ್ಟೆ ಉರಿಯಿತು.

"ಮತ್ತ ಮಗ್ಗ ತುಳೀತೀನೋ ಇಲ್ಲೋರೀ ಅಕ್ಕಾರ?" ಎಂದು ಅವನು ಬಂದಾಗಲೆಲ್ಲ ಕೇಳುತ್ತಿದ್ದ. ನನ್ನನ್ನು ನಡೆಸುವ ಫಿಲೋಮಿನಾ ನನ್ನ ಕೆಳಗೆ ಅವನ ಕಾಲನ್ನು ಸರಿಯಾಗಿ ಇರಿಸುತ್ತಿದ್ದಳು.

ಕಿರಣದ ಗುರಿಗಾಗಿ ಅವಳು ಅವನ ತೊಡೆಸಂದಿಯ ಬಳಿ ಮಸಿಯ ಗೆರೆ ಎಳೆದಿದ್ದಳು. ತೊಳೆಯಬಾರದೆಂದು ಹೇಳಿಯೂ ಇದ್ದಳು. ಯುಗಾದಿಗೆ ಊರಿಗೆ ಹೋಗಿ ಬಂದವನ ಗೆರೆ ಕಂಡು ಹುಬ್ಬೇರಿಸಿದಳು.

"ನನ್ನ ಗೆರಿ ಇಷ್ಟು ಚಂದ ಇರಂಗಿಲ್ಲ. ಯಾರು ಎಳದ್ರು?"

ಬಾಗಿಲಲ್ಲಿದ್ದ ಹೆಂಡತಿ ನೀಲವ್ವ ಸೆರಗು ಹಿಂಡಿದಳು. "ಹಬ್ಬದ ಎಣ್ಣಿ ಸ್ನಾನರೀ. ತಿಕ್ಕಿದ್ದಕ್ಕ ಅಳಿಸಿ ಹೋತು. ಖಣದ ಅಂಚಿನಂಗ ನೆಟ್ಟಗ ನಾನ ಎಳದೀನಿ."

ನೆಟ್ಟಗೇನೋ ಇತ್ತು, ಆದರೆ ಗಡ್ಡೆಯಿಂದ ಎರಡು ಬೆರಳು ಆಚೆ! ಫಿಲೋಮಿನಾ ಗಮನಿಸದಿದ್ದರೆ ನಾನು ಒಳ್ಳೆಯ ಮಾಂಸವನ್ನೇ ಸುಟ್ಟು, ಗಡ್ಡೆಯನ್ನು ಬಿಡುತ್ತಿದ್ದೆ. ಕಣ್ಣಿದ್ದದ್ದು ಅವಳಿಗೆ, ನನಗಲ್ಲ. ಮತ್ತೆ ಸ್ಕ್ಯಾನ್ ಮಾಡಿಸಿ ಹೊಸ ಗೆರೆ ಎಳೆದಳು. ನನ್ನ ಜಂಬ ಅಂದೇ ಅರ್ಧ ಇಳಿಯಿತು.

ಕೆಲವು ತಿಂಗಳಲ್ಲಿ ಗಡ್ಡೆ ಕರಗಿತು. ನಾನು ಮುಟ್ಟಿಯೇ ಇರದ ಶ್ವಾಸಕೋಶದ ಚುಕ್ಕೆಗಳೂ ಬತ್ತಿದವು. ಉಳಿದರ್ಧ ಜಂಬ ಆಗ ಹೋಯಿತು; ಆ ಬಾಟಲಿಯ ಮೇಲೆ ಪ್ರೀತಿಯೇ ಹುಟ್ಟಿತು. ಅದೇ ಚಿಕಿತ್ಸೆ ಪಡೆದೂ ಉಳಿಯದವರು ಇದ್ದಾರೆ. ಅವರ ಮುಖಗಳನ್ನೂ ನಾನು ಮರೆತಿಲ್ಲ.

ಈಗ ನನಗೆ ವಯಸ್ಸಾಯಿತು. ಬಿಡಿಭಾಗ ಸಿಗುವುದಿಲ್ಲ. ಪಕ್ಕದ ಕೋಣೆಗೆ ಹೊಸಬಳು ಬಂದಿದ್ದಾಳೆ. ನಾಳೆ ನನ್ನನ್ನು ಬಿಚ್ಚಿ ಒಯ್ಯುತ್ತಾರೆ. ಆ ಹಳೆಯ ದಿನಗಳು ಇನ್ನೊಮ್ಮೆ ಬರಬಾರದೇ ಅನಿಸುತ್ತದೆ. ಫಿಲೋಮಿನಾ ಸುದ್ದಿ ತಿಳಿಸಿದ್ದಕ್ಕೆ ಗಂಡ ಹೆಂಡತಿ ಇಬ್ಬರೂ ಇಂದು ನನ್ನನ್ನು ನೋಡಲು ಬಂದರು. ರೋಗಿಗಳು ಮಲಗುವ ನನ್ನ ಹಲಗೆಯ ಮೇಲೆ ನೀಲವ್ವ ಖಣ ಹಾಸಿ, ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟು ಉಡಿ ತುಂಬಿದಳು.

"ಮನಿ ಬಿಟ್ಟು ಹೊಂಟ ಹೆಣಮಗಳನ್ನ ಬರೀ ಉಡೀಲೆ ಕಳಸಬಾರದ್ರೀ" ಎಂದಳು.

ಈರಬಸಪ್ಪ ಖಣದ ಅಂಚು ಸವರಿ, ನನ್ನ ಕಡೆ ನೋಡಿದ.

"ಯವ್ವಾ, ಇದನ್ನ ನಾನ ಮಗ್ಗ ತುಳದು ನೇದೀನಿ."